ಮಾತಾಡಿದರೆ ಗಾಡಿ ಭಾರ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ. ಶ್ರೀಲಂಕಾಕ್ಕೆ ಹೋಗಿಬಂದವರು ಸಮುದ್ರದ ಬಗ್ಗೆ, ಆನೆಗಳ ಬಗ್ಗೆ, ಕ್ಯಾಂಡಿಯ ದಂತ ಮಂದಿರದ ಬಗ್ಗೆ ಬರೆಯುತ್ತಾರೆ. ಅವನ್ನೆಲ್ಲ ನಾನೂ ನೋಡಿದೆ. ಚೆನ್ನಾಗಿವೆ. ಆದರೆ ಕಣ್ಣು ಅವುಗಳ ಮೇಲಿದ್ದಾಗಲೂ ಹೊಟ್ಟೆ ಮಾತ್ರ ಕಾರಿನ ಮುಂದಿನ ಎರಡು ಸೀಟುಗಳನ್ನು ನೋಡಿ ಉರಿಯುತ್ತಿತ್ತು. ಆ ಸೀಟುಗಳಲ್ಲಿ ನಮ್ಮ ಯಜಮಾನರು ಮತ್ತು ಅವರ ತಂಗಿ ಗಿರಿಜ ಕೂತಿದ್ದರು. ನಾನು ಹಿಂದೆ, ಸೂಟ್‌ಕೇಸಿನ ಪಕ್ಕದಲ್ಲಿದ್ದೆ.

ಮಂಚೇನಹಳ್ಳಿ ಕಣಿವೆ

ಈ ಪ್ರವಾಸ ಶುರುವಾದದ್ದು ವಿಮಾನ ನಿಲ್ದಾಣದಲ್ಲಲ್ಲ. ಮಂಚೇನಹಳ್ಳಿ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಕಣಿವೆ ದಾರಿಯ ಇಳಿಜಾರಿನಲ್ಲಿ. ನಮ್ಮ ಮಾವನವರಿಗೆ ಹಿಪ್ಪುನೇರಳೆ ತೋಟದ ಜೊತೆಗೆ ಒಂದು ಹಳೆಯ ವ್ಯಾನೂ ಇತ್ತು. ತಮ್ಮ ರೇಷ್ಮೆಗೂಡು, ಅಕ್ಕಪಕ್ಕದವರ ಗೂಡು ಎಲ್ಲ ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದರು. ಕಣಿವೆಯ ನೆತ್ತಿಗೆ ಬಂದ ಕೂಡಲೇ ಇಂಜಿನ್ ಆಫ್ ಮಾಡಿ ಗಾಡಿಯನ್ನು ಇಳಿಜಾರಿಗೆ ಬಿಟ್ಟುಬಿಡುತ್ತಿದ್ದರು. ಕೆಳಗೆ ರಸ್ತೆ ಪಕ್ಕದಲ್ಲಿ ಒಂದು ಹೊಂಗೆ ಮರ. ಅಲ್ಲಿಯವರೆಗೆ ಗಾಡಿ ತಾನೇ ಉರುಳಿಕೊಂಡು ಹೋದರೆ ಆ ದಿನ ಒಳ್ಳೆಯ ದಿನ ಎಂದು ಅವರ ನಂಬಿಕೆ.

ಡೀಸೆಲ್ ಉಳಿಸಲು ಹೀಗೆ ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ. ಮಾವನವರದ್ದು ಅದಕ್ಕಿಂತ ಒಂದು ತೂಕ ಜಾಸ್ತಿ. ಇಂಜಿನ್ ನಿಂತ ಮೇಲೆ ಗಾಡಿಯಲ್ಲಿ ಯಾರೂ ಮಾತಾಡಬಾರದು. "ಮಾತಾಡಿದ್ರೆ ಗಾಡಿ ಭಾರ ಆಗುತ್ತೆ" ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಅಣ್ಣ ತಂಗಿ ಇಬ್ಬರೂ ಚಿಕ್ಕಂದಿನಲ್ಲಿ ಮುಂದಿನ ಸೀಟಿನಲ್ಲಿ ಬಾಯಿ ಬಿಗಿಹಿಡಿದು ಕೂತು ಆ ಇಳಿಜಾರು ಇಳಿದವರು. ಬೆಳೆದು ದೊಡ್ಡವರಾಗಿ, ಇಬ್ಬರಿಗೂ ತಲೆ ನರೆತ ಮೇಲೂ ಆ ಕಟ್ಟಳೆ ಬಿಟ್ಟಿಲ್ಲ.

ಮದುವೆಯಾದ ಹೊಸತರಲ್ಲಿ ನನ್ನನ್ನು ಆ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟರು. ಕಟ್ಟಳೆಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನೆತ್ತಿಯ ಮೇಲೆ ಇಂಜಿನ್ ನಿಂತಿತು, ಎಲ್ಲರೂ ಮೂಗರಾದರು. ನಾನು ಸೌಜನ್ಯಕ್ಕೆ, "ಏನಾಯ್ತು, ಡೀಸೆಲ್ ಮುಗೀತಾ?" ಎಂದು ಕೇಳಿದೆ. ಗಾಡಿ ಹೊಂಗೆ ಮರಕ್ಕೆ ಎರಡು ಮಾರು ಇದೆ ಎನ್ನುವಾಗ ನಿಂತುಹೋಯಿತು. ಮಾವ ಮುಖವನ್ನು ಕಿಟಕಿ ಕಡೆ ತಿರುಗಿಸಿಕೊಂಡರು. ಗಿರಿಜ ಆಗ ಲಂಗ ದಾವಣಿಯ ಹುಡುಗಿ. ನನ್ನನ್ನೇ ನೋಡುತ್ತಾ, "ಅತ್ತಿಗೆ ಮಾತಾಡಿಬಿಟ್ರು" ಎಂದಳು.

ಆ ಮಾತು ನಮ್ಮ ಮನೆಯಲ್ಲಿ ಗಾದೆಯಾಯಿತು. ಹೆಪ್ಪು ಹಾಕಿದ ಮೊಸರು ಗಟ್ಟಿಯಾಗದಿದ್ದರೆ, ಬೋರ್‌ವೆಲ್ಲಿನಲ್ಲಿ ಬರೀ ಗಾಳಿ ಬಂದರೆ, ನೆಂಟರ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದರೆ, "ಅತ್ತಿಗೆ ಮಾತಾಡಿಬಿಟ್ರು ಅಂತ ಕಾಣುತ್ತೆ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ನಕ್ಕು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತೇನೆ.

ಅಂದಿನಿಂದ ಆ ಇಳಿಜಾರಿನಲ್ಲಿ ನಾನು ತುಟಿ ಬಿಚ್ಚಿದವಳಲ್ಲ. ಆದರೆ ಸುಮ್ಮನಿರುವುದು ಬೇರೆ, ಅವರ ಮೌನದ ಒಳಗೆ ಸೇರಿಕೊಳ್ಳುವುದು ಬೇರೆ. ಅಣ್ಣ ತಂಗಿ ಮುಂದೆ ಕೂತು ಒಂದೇ ಉಸಿರಿನಲ್ಲಿ ಇಳಿಯುವಾಗ ನಾನು ಹಿಂದೆ ಟಿಕೆಟ್ ಇಲ್ಲದ ಪ್ರಯಾಣಿಕಳ ಹಾಗೆ ಇರುತ್ತೇನೆ. ನಾನು ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ, ಚಿಕ್ಕಬಳ್ಳಾಪುರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ. ಇಳಿಜಾರಿನಲ್ಲಿ ಗೇರ್ ಬಿಡಬಾರದು ಎಂದು ಅಲ್ಲಿ ಹೇಳಿದ್ದನ್ನು ಪಾಲಿಸುತ್ತೇನೆ. ನಾನು ಸ್ಟೇರಿಂಗ್ ಹಿಡಿದರೆ ಇವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುತ್ತಾರೆ. "ಪೆಟ್ರೋಲ್ ಬಂಕಿನೋರಿಗೆ ನೀನಂದ್ರೆ ಬಲು ಇಷ್ಟ ಕಣೆ" ಎನ್ನುತ್ತಾರೆ. ಅವರ ತಂಗಿ ಓಡಿಸಿದರೆ ಮಾತ್ರ ಸೀಟು ಹಿಂದಕ್ಕೆ ಸರಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇನ್ನು ಲಂಕೆಗೆ ಹೋದ ಕಾರಣ. ಮಾವನವರ ಕೋಣೆಯಲ್ಲಿ ಒಂದು ಹಳೇ ಕ್ಯಾಲೆಂಡರ್ ಚಿತ್ರ ಇತ್ತು. ಹಸಿರು ಬೆಟ್ಟ, ಅದರ ಮೈಮೇಲೆ ಸುತ್ತಿ ಸುತ್ತಿ ಇಳಿಯುವ ರಸ್ತೆ. "ಇಂಥಾ ರಸ್ತೇಲಿ ಇಳಿಯೋಕೆ ಒಂದು ಲೋಟ ಡೀಸೆಲ್ ಸಾಕು ಕಣ್ರಪ್ಪ" ಎಂದು ಮಾವ ಆಸೆಯಿಂದ ನೋಡುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಗಿರಿಜ ಈಗ ಚಿಂತಾಮಣಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಒಂದು ದಿನ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ಅಲ್ಲಿಂದಲೇ ಕರೆ ಮಾಡಿ ಕೂಗಿದಳು: "ಅಣ್ಣ, ಅಪ್ಪನ ರಸ್ತೆ ಸಿಕ್ತು. ಶ್ರೀಲಂಕಾದಲ್ಲಿದೆ."

ಅದು ಮುನ್ನಾರ್ ಇರಬಹುದು, ಊಟಿ ಇರಬಹುದು, ಯಾರ ಕೈಯಲ್ಲೋ ಬಿಡಿಸಿದ ಚಿತ್ರವೂ ಇರಬಹುದು ಎಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಆಸೆಪಟ್ಟ ಇಳಿಜಾರನ್ನು ಒಂದು ಸಲ ನ್ಯೂಟ್ರಲ್‌ನಲ್ಲಿ ಇಳಿದು ಬರುವುದು ಎಂದು ತೀರ್ಮಾನವಾಯಿತು. "ಅತ್ತಿಗೇನೂ ಬರ್ಲಿ ಬಿಡಣ್ಣ" ಎಂದಳು ಗಿರಿಜ. ಆ 'ಬಿಡಣ್ಣ' ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಕಟುನಾಯಕ

ವಿಮಾನ ನಿಲ್ದಾಣ ನಮಗೆ ಪಕ್ಕದ ಮನೆ ಇದ್ದ ಹಾಗೆ. ನಂದಿಯ ದ್ರಾಕ್ಷಿ ತೋಟಗಳ ಮೇಲೆ ದಿನವೆಲ್ಲ ವಿಮಾನ ಹಾರುವುದನ್ನು ಕೆಳಗಿನಿಂದ ನೋಡಿದ್ದ ನಾನು, ಮೇಲಿನಿಂದ ನಂದಿ ಬೆಟ್ಟ ನೋಡಬೇಕು ಎಂದು ಆಸೆಪಟ್ಟಿದ್ದೆ. ಕಿಟಕಿ ಸೀಟು ಗಿರಿಜಳಿಗೆ ಸಿಕ್ಕಿತು. ಇವರು ನನ್ನ ಮಡಿಲ ಮೇಲೆ ಬಾಗಿ, ಅವಳ ಭುಜದ ಮೇಲಿಂದ ಇಣುಕಿ, "ಕಣಿವೆ ಕಾಣುತ್ತೇನಮ್ಮ?" ಎಂದು ಕೇಳಿದರು. ಅವಳು "ಕಾಣುತ್ತೆ ಕಣಣ್ಣ" ಎಂದಳು. ಅಲ್ಲಿ ಮೋಡ ಬಿಟ್ಟರೆ ಏನೂ ಇರಲಿಲ್ಲ ಎಂದು ನನ್ನ ಅನುಮಾನ.

ಲಂಕೆಯ ವಿಮಾನ ನಿಲ್ದಾಣವಿರುವ ಕಟುನಾಯಕದಲ್ಲಿ ಇಳಿದು, ನಾವೇ ಓಡಿಸಿಕೊಳ್ಳುವ ಒಂದು ಸಣ್ಣ ಬಾಡಿಗೆ ಕಾರು ತೆಗೆದುಕೊಂಡೆವು. ಅಲ್ಲಿಯ ಕಾಗದಪತ್ರ ಮಾಡಿಸುವಾಗ ಕೌಂಟರಿನಲ್ಲಿದ್ದವರು ನನ್ನ ಲೈಸೆನ್ಸನ್ನೂ ಕೇಳಿದರು. "ಅವಳದ್ದು ಬೇಡ" ಎಂದರು ಇವರು. ಅವರಿಗೆ ಕನ್ನಡ ಬರುವುದಿಲ್ಲವಲ್ಲ, ನಗುತ್ತಾ ನನ್ನ ಹೆಸರನ್ನೂ ಸೇರಿಸಿದರು. ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಉಂಟಾಯಿತು.

ಲಂಕೆಯ ಮೊದಲ ಆಘಾತ ನಮಗೆ ರಸ್ತೆ ದಾಟುವಾಗ ಆಯಿತು. ಎದುರಿನ ಹೋಟೆಲಿಗೆ ಹೋಗಲು ಬಿಳಿ ಪಟ್ಟೆಗಳ ಮೇಲೆ ಕಾಲಿಟ್ಟೆವು. ಎರಡೂ ಕಡೆಯ ವಾಹನಗಳು ನಿಂತುಬಿಟ್ಟವು. ಇವರಿಗೆ ಗಾಬರಿ. ಚಿಂತಾಮಣಿ ಬಸ್ ಸ್ಟ್ಯಾಂಡ್ ಮುಂದೆ ಕೈ ಅಡ್ಡ ಹಿಡಿದು, ಬೈದು, ಬೈಸಿಕೊಂಡು ರಸ್ತೆ ದಾಟಿ ಅಭ್ಯಾಸವಾದ ಮನುಷ್ಯ ಪಟ್ಟೆಯ ನಡುವೆ ನಿಂತು, ವಾಹನಗಳಿಗೇ ಮುಂದೆ ಹೋಗಿ ಎಂದು ಸನ್ನೆ ಮಾಡತೊಡಗಿದರು. ವಾಹನದವರು ಇವರಿಗೆ ಹೋಗಿ ಎಂದು ಸನ್ನೆ ಮಾಡಿದರು. ಸ್ವಲ್ಪ ಹೊತ್ತು ಹೀಗೆ ಮರ್ಯಾದೆಯ ಜಗಳ ನಡೆದು, ಕೊನೆಗೆ ಒಬ್ಬ ಆಟೋದವನು ಇಳಿದು ಬಂದು ಇವರ ಕೈಹಿಡಿದು ದಾಟಿಸಿದ. ನಾನು ನಕ್ಕೆ. ನಗುತ್ತಲೇ, ಇಂಥ ಬಡಪಾಯಿ ಬಿಳಿ ಪಟ್ಟೆಗಳು ನಮ್ಮೂರಲ್ಲೂ ಇವೆಯಲ್ಲ, ಅವಕ್ಕೆ ಈ ಭಾಗ್ಯ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕ್ಯಾಂಡಿಯ ದಾರಿ

ಕಾರು ಗೇರಿನದ್ದೇ ಬೇಕು ಎಂದು ಇವರು ಮೊದಲೇ ಹೇಳಿದ್ದರು. ಮುಂದೆ ಕಣ್ಣಿಗೆ ಕಾಣುವ ಹಾಗೆ ಒಂದು ಪುಟ್ಟ ಪರದೆ, ಅದರಲ್ಲಿ ಒಂದು ನೀಲಿ ಪಟ್ಟಿ. ಆ ಕ್ಷಣಕ್ಕೆ ಕಾರು ಎಷ್ಟು ಮೈಲೇಜ್ ಕೊಡುತ್ತಿದೆ ಎಂದು ತೋರಿಸುವ ಪಟ್ಟಿಯಂತೆ. ಏರು ಬಂದರೆ ಪಟ್ಟಿ ಕುಗ್ಗುತ್ತದೆ, ಸಮ ರಸ್ತೆಯಲ್ಲಿ ಉದ್ದವಾಗುತ್ತದೆ. ಹಿಂದಿನ ಸೀಟಿನ ಮಧ್ಯದಲ್ಲಿ ಕೂತವರಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ. ಅಣ್ಣ ತಂಗಿಗೆ ಅದು ಬೇಕಿರಲಿಲ್ಲ. "ನಮ್ಮ ಅಪ್ಪನಿಗೆ ಕಿವೀಲೇ ಗೊತ್ತಾಗೋದು" ಎಂದಳು ಗಿರಿಜ.

ದಾರಿಯುದ್ದಕ್ಕೂ ಹಸಿರೋ ಹಸಿರು. ರಸ್ತೆ ಬದಿಯಲ್ಲಿ ಬಣ್ಣದ ಬಟ್ಟೆ ತೊಟ್ಟ ಹೆಂಗಸರು ಗೋಡಂಬಿ ಮಾರುತ್ತಾ ನಿಂತಿದ್ದರು. ಒಂದು ಕಡೆ ಬಂಡೆಯ ಸಂದಿನಿಂದ ನೀರು ಧಾರಾಕಾರ ಸುರಿದು, ಚರಂಡಿ ಸೇರಿ, ಯಾರಿಗೂ ಬೇಡವಾಗಿ ಹರಿದುಹೋಗುತ್ತಿತ್ತು. ನಾನು ಕಾರು ನಿಲ್ಲಿಸಲು ಹೇಳಿ ಅದನ್ನು ನೋಡುತ್ತಾ ನಿಂತೆ. ಸಾವಿರ ಅಡಿ ಕೊರೆದರೂ ಬರೀ ಧೂಳು ಕಾರುವ ನೆಲದಿಂದ ಬಂದವಳು ನಾನು. ಒಬ್ಬ ಹೆಂಗಸು ಆ ನೀರಿನಲ್ಲಿ ಕಾಲು ತೊಳೆದುಕೊಂಡು, ಚಪ್ಪಲಿಯನ್ನೂ ತೊಳೆದು, ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕಾಲಿಟ್ಟುಕೊಂಡು ನಿಂತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲು ಯಾವ ಕಾರಣವೂ ಇರಲಿಲ್ಲ. ಆದರೂ ಬಂತು.

"ಈ ನೀರು ನಮ್ಮ ಶಿಡ್ಲಘಟ್ಟದ ಕಡೆ ತಿರುಗಿಸಿದ್ರೆ ಹಿಪ್ಪುನೇರಳೆ ಹೆಂಗಿರ್ತಿತ್ತು ನೋಡ್ರೀ" ಎಂದೆ.

"ಹೂಂ" ಎಂದರು ಇವರು. ಅವರ ಗಮನವೆಲ್ಲ ಏರುದಾರಿಯ ಮೇಲಿತ್ತು. ಗಿರಿಜಳ ಕಡೆ ತಿರುಗಿ, "ಎಷ್ಟು ಏರಿದೆ ನೋಡಮ್ಮ. ಏರಿದ್ದೆಲ್ಲ ಇಳೀಲೇಬೇಕಲ್ಲ" ಎಂದು ಕೈ ಉಜ್ಜಿಕೊಂಡರು. ಅಣ್ಣ ತಂಗಿ ನಕ್ಕರು. ನೀರು ನನ್ನೊಬ್ಬಳ ದುಃಖವಾಯಿತು.

ನುವರ ಎಲಿಯ

ಇಲ್ಲಿ ಚಳಿ. ನಮ್ಮ ನಂದಿ ಬೆಟ್ಟದ ಮುಂಜಾನೆಯನ್ನು ದಿನವಿಡೀ ಹಿಡಿದಿಟ್ಟ ಹಾಗೆ. ನಾವು ಉಳಿದುಕೊಂಡದ್ದು ಸೆಲ್ವಿ ಎಂಬ ತಮಿಳು ಹೆಂಗಸಿನ ಮನೆಯಲ್ಲಿ. ಅವರ ತಾಯಿ ಟೀ ತೋಟದಲ್ಲಿ ಎಲೆ ಕೀಳುತ್ತಿದ್ದವರಂತೆ. ಸೆಲ್ವಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾರೆ. ಅವರು ತಮಿಳಿನಲ್ಲಿ ಮಾತಾಡಿದರು. ಇವರು ತೆಲುಗಿನಲ್ಲಿ ಉತ್ತರ ಕೊಟ್ಟರು. ನಾನು ನಡುವೆ ಕನ್ನಡ ಸೇರಿಸಿದೆ. ಯಾರಿಗೂ ಏನೂ ತೊಂದರೆಯಾಗಲಿಲ್ಲ. ತೆಂಗಿನಕಾಯಿ ತುರಿ ಹಾಕಿದ ದಪ್ಪ ರೊಟ್ಟಿ, ಕೆಂಪು ಮೆಣಸಿನಕಾಯಿ ಹಾಕಿ ಅರೆದ ಕಾಯಿ ಚಟ್ನಿ ಬಡಿಸಿದರು. ಬಾಯಿ ಉರಿದು ಕಣ್ಣಲ್ಲಿ ನೀರು ಬಂತು. ಖಾರದಲ್ಲಿ ನಮ್ಮನ್ನು ಮೀರಿಸಿದವರು ಇದ್ದಾರೆ ಎಂದು ಇವರು ಮೊದಲ ಸಲ ಒಪ್ಪಿಕೊಂಡರು.

ಸೆಲ್ವಿ ಮತ್ತು ಅವರ ಗಂಡ ಅಡುಗೆಮನೆಯಲ್ಲಿ ನಿಲ್ಲಿಸದೆ ಮಾತಾಡುತ್ತಿದ್ದರು. ಅವನು ಕಾಯಿ ತುರಿಯುತ್ತಾನೆ, ಇವಳು ಹಿಟ್ಟು ಕಲಸುತ್ತಾಳೆ, ಮಾತು ಮಾತ್ರ ಇಬ್ಬರದ್ದೂ ಒಂದೇ ಸಲ. ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಯಾರಿಗೂ ಬೇಸರವಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಮನೆಯಲ್ಲಿ ನಾನು ಬಾಯಿ ತೆರೆದರೆ ಎಲ್ಲೋ ಒಂದು ಗಾಡಿ ನಿಲ್ಲುತ್ತದೆ. ಲಂಕೆಯ ನೀರು, ಟೀ, ಚಳಿ ಎಲ್ಲಕ್ಕಿಂತ ಆ ಹೆಂಗಸಿನ ಬಡಬಡಿಕೆಯ ಮೇಲೆ ನನಗೆ ಅಸೂಯೆಯಾಯಿತು.

ಬೆಳಿಗ್ಗೆ ಹೊರಡುವಾಗ ನಾವು ಗಿರಿಜ ವಿಡಿಯೋದಲ್ಲಿ ಕಂಡ ರಸ್ತೆಯಲ್ಲಿ ರಂಬೊಡದ ಕಡೆ ಇಳಿಯುತ್ತೇವೆ ಎಂದು ಕೇಳಿ ಸೆಲ್ವಿ ಕಾರಿನವರೆಗೆ ಬಂದರು. ಕೈಯನ್ನು ಗೇರ್ ಹಿಡಿದ ಹಾಗೆ ಮಾಡಿ, "ಗೇರ್‌ಲ ಪೋಂಗಮ್ಮಾ" ಎಂದರು. ಗೇರಿನಲ್ಲೇ ಹೋಗಿ ಎಂದು.

"ಪರ್ವಾಲೇದಮ್ಮ" ಎಂದು ಇವರು ತೆಲುಗಿನಲ್ಲಿ ನಕ್ಕುಬಿಟ್ಟರು. ಊರಿನ ಹೊರಗೆ ರಸ್ತೆ ಬಗ್ಗುವ ಜಾಗದಲ್ಲಿ ಚಿಕ್ಕ ಗೇರಿನಲ್ಲಿ ಇಳಿಯಿರಿ ಎಂದು ಮೂರು ಭಾಷೆಯ ಬೋರ್ಡೂ ಇತ್ತು. ಇವರು ಇಂಗ್ಲಿಷಿನ ಸಾಲನ್ನು ಓದಿ, "ಅದು ಬಸ್ಸಿಗೆ" ಎಂದರು.

ಇಳಿಜಾರು

ಅಲ್ಲೊಂದು ಪುಟ್ಟ ಗಣಪತಿ ಗುಡಿ. ಇಳಿಯುವ ಡ್ರೈವರುಗಳು ನಿಲ್ಲಿಸಿ ಕೈಮುಗಿದು ಹೋಗುತ್ತಿದ್ದರು. ನಾವೂ ಮುಗಿದೆವು. ಗಿರಿಜ ಸ್ಟೇರಿಂಗ್ ಹಿಡಿದಳು. ಇವರು ಪಕ್ಕದಲ್ಲಿ ಕೂತು, ಜೇಬಿನಿಂದ ಮಡಿಸಿದ ಆ ಕ್ಯಾಲೆಂಡರ್ ಚಿತ್ರ ತೆಗೆದು ಮುಂದಿನ ಗಾಜಿಗೆ ಆನಿಸಿ ನಿಲ್ಲಿಸಿದರು. ನಿಜ ಹೇಳಬೇಕೆಂದರೆ ಹೋಲುತ್ತಿತ್ತು. ಬೆಟ್ಟದ ಮೈಗೆ ಟೀ ಗಿಡಗಳು, ನಡುವೆ ಸುತ್ತುವ ರಸ್ತೆ, ಕೆಳಗೆಲ್ಲೋ ಮಂಜು.

ಹೊಸ ಕಾರಿನಲ್ಲಿ ಕೀ ಆಫ್ ಮಾಡಿದರೆ ಸ್ಟೇರಿಂಗ್ ಕಲ್ಲಾಗುತ್ತದೆ ಎಂದು ಗಿರಿಜಳಿಗೆ ಗೊತ್ತು. ಆದ್ದರಿಂದ ಇಂಜಿನ್ ಹಾಗೇ ಬಿಟ್ಟು ಗೇರನ್ನು ಮಾತ್ರ ನ್ಯೂಟ್ರಲ್‌ಗೆ ತಂದಳು. ಇಂಜಿನ್ನಿನ ಸದ್ದು ಅಡಗಿತು, ಟಯರಿನ ಸದ್ದು ಉಳಿಯಿತು. ಅಣ್ಣ ತಂಗಿ ಮೌನವಾದರು. ನನಗೆ ಅವರಿಬ್ಬರ ಕುತ್ತಿಗೆಗಳು ಮಾತ್ರ ಕಾಣುತ್ತಿದ್ದವು. ಎರಡೂ ಒಂದೇ ಅಚ್ಚಿನವು, ಮಾವನವರ ಕುತ್ತಿಗೆಗಳು. ಅವರಿಬ್ಬರೂ ಆ ಹೊತ್ತಿಗೆ ಅಪ್ಪನ ವ್ಯಾನಿನಲ್ಲಿದ್ದರು. ನಾನು ಯಾವುದೋ ದೇಶದ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿದ್ದೆ.

ಮಾಡಲು ಬೇರೆ ಕೆಲಸವಿಲ್ಲದೆ ನೀಲಿ ಪಟ್ಟಿಯನ್ನು ನೋಡಿದೆ. ಅದು ಮುಕ್ಕಾಲು ಭಾಗಕ್ಕೆ ಬಂದು ನಿಂತಿತ್ತು. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಗಿರಿಜ ಎರಡನೇ ಗೇರಿಗೆ ಹಾಕಿದಳು. ಆಗ ಪಟ್ಟಿ ಚಂಗನೆ ಕೊನೆಯವರೆಗೆ ತುಂಬಿಕೊಂಡಿತು. ಲಾರಿ ಹೋದ ಮೇಲೆ ಮತ್ತೆ ನ್ಯೂಟ್ರಲ್, ಪಟ್ಟಿ ಮತ್ತೆ ಮುಕ್ಕಾಲಿಗೆ ಇಳಿಯಿತು. ಮುಂದಿನ ತಿರುವಿನಲ್ಲೂ ಅಷ್ಟೇ. ಅದರ ಮುಂದಿನದರಲ್ಲೂ ಅಷ್ಟೇ.

ಕಾರಣವನ್ನು ಆಮೇಲೆ ಊರಿನ ಗ್ಯಾರೇಜಿನಲ್ಲಿ ಕೇಳಿ ತಿಳಿದುಕೊಂಡೆ. ಈಗಿನ ಕಾರುಗಳು ನ್ಯೂಟ್ರಲ್‌ನಲ್ಲಿ ಇಂಜಿನ್ ಆರದ ಹಾಗೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತವೆ. ಗೇರಿನಲ್ಲಿಟ್ಟು ಕಾಲು ತೆಗೆದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ನಿಂತೇ ಹೋಗುತ್ತದೆ. ಮಾವನವರ ಹಳೇ ವ್ಯಾನಿನಲ್ಲಿ ಇಂಜಿನ್ನೇ ಆಫ್, ಅವರ ಲೆಕ್ಕ ಅವರ ಗಾಡಿಗೆ ಸರಿ. ಆದರೆ ಆ ಹೊತ್ತಿಗೆ ನನಗೆ ಕಾರಣ ಬೇಕಿರಲಿಲ್ಲ. ಇಷ್ಟು ವರ್ಷ ಈ ಅಣ್ಣ ತಂಗಿ ಹೊಸ ಕಾರುಗಳಲ್ಲಿ ಉಳಿಸಿದ್ದೇವೆ ಎಂದು ಬೀಗಿದ್ದೆಲ್ಲ ಸುಟ್ಟದ್ದೇ. ಪೆಟ್ರೋಲ್ ಕುಡಿಸುವವಳು ಎಂದು ಹೆಸರು ಹೊತ್ತ ನಾನೇ ಉಳಿಸಿದವಳು.

ಆಗಿನ ನನ್ನ ಸಂತೋಷವನ್ನು ಹೇಗೆ ಹೇಳಲಿ. ಹೊಟ್ಟೆಕಿಚ್ಚಿನವಳ ಕೈಗೆ ಕೊಡಲಿ ಸಿಕ್ಕಿದ ಹಾಗಿತ್ತು. ಒಂದು ಮಾತು ಸಾಕು, "ಆ ಪಟ್ಟಿ ನೋಡಿ" ಎಂದರೆ ಸಾಕು, ಅವರಿಬ್ಬರ ಹೊಂಗೆ ಮರ ಬುಡಸಮೇತ ಬೀಳುತ್ತದೆ. ನಾಲಿಗೆ ತುದಿಗೆ ಬಂತು. ಆದರೆ ಇಳಿಜಾರಿನಲ್ಲಿ ಹೇಳುವ ಹಾಗಿಲ್ಲ. ಹೇಳಿದರೆ ಅತ್ತಿಗೆ ಮತ್ತೆ ಮಾತಾಡಿಬಿಟ್ರು ಎಂದಾಗುತ್ತದೆ. ಕೆಳಗೆ ಇಳಿದ ಮೇಲೆ ನಿಧಾನವಾಗಿ, ಟೀ ಕುಡಿಯುತ್ತಾ ಹೇಳಬೇಕು ಎಂದು ತಡೆದುಕೊಂಡೆ.

ಅಷ್ಟರಲ್ಲಿ ವಾಸನೆ ಬಂತು. ಮೊದಲು ಯಾರದೋ ಅಡುಗೆಮನೆಯಲ್ಲಿ ಏನೋ ಸೀದಿದೆ ಎಂದುಕೊಂಡೆ. ಅಡುಗೆಮನೆ ನಮ್ಮ ಜೊತೆಯಲ್ಲೇ ತಿರುವು ತಿರುವಿಗೂ ಬಂತು. ಬ್ರೇಕು ಕಾದಿತ್ತು. ಮೂರು ಜನ, ಎರಡು ಸೂಟ್‌ಕೇಸು, ಗೇರಿನ ಹಿಡಿತವಿಲ್ಲದ ಕಾರು, ಎಲ್ಲವನ್ನೂ ಪಾಪ ಆ ಬ್ರೇಕೊಂದೇ ಹಿಡಿದು ಇಳಿಸುತ್ತಿತ್ತು.

ಇವರ ಮೂಗಿಗೂ ಬಂದಿರಬೇಕು, ಮೂಗು ಅರಳಿತು. ಮಾತಾಡಲಿಲ್ಲ. ಗಿರಿಜಳ ಕಾಲು ಬ್ರೇಕಿನ ಮೇಲೆ ಒಮ್ಮೆ ಒತ್ತಿತು, ಇನ್ನೊಮ್ಮೆ ಒತ್ತಿತು. ಅವಳ ಕುತ್ತಿಗೆಯ ನರ ಉಬ್ಬಿತು. ಅವಳೂ ಮಾತಾಡಲಿಲ್ಲ. ಕಾರಿನ ವೇಗ ಏರುತ್ತಿತ್ತು. ಕೆಳಗಿನ ತಿರುವಿನಲ್ಲಿ ಕೆಂಪು ಬಸ್ಸೊಂದು ಹಾರ್ನ್ ಬಾರಿಸುತ್ತಾ ಮೇಲೆ ಬರುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಟೀ ತೋಟ, ಅದರಾಚೆ ಬರೀ ಗಾಳಿ. ಮೂರು ಜನ ವಯಸ್ಸಾದವರು, ಬುದ್ಧಿ ಬಂದವರು, ಸಾಯುವ ವೇಗದಲ್ಲಿ ಇಳಿಯುತ್ತಿದ್ದೇವೆ. ಮಾತಾಡಿದರೆ ಗಾಡಿ ಭಾರ ಆಗುತ್ತದೆ ಎಂದು ಒಬ್ಬರೂ ಬಾಯಿ ಬಿಡುತ್ತಿಲ್ಲ.

ನಾನು ಬಾಯಿ ಬಿಟ್ಟೆ.

"ಗಿರಿಜಾ, ಗೇರ್ ಹಾಕಮ್ಮ. ಮೂರು, ಆಮೇಲೆ ಎರಡು. ರೀ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೀರಿ. ಒಂದೇ ಸಲ ಎಳೀಬೇಡಿ."

ನನ್ನ ದನಿ ತಾಲೂಕು ಕಚೇರಿಯ ಗುಮಾಸ್ತರು ಸಾಲು ತಪ್ಪಿಸಿ ಬಂದವರಿಗೆ ಹೇಳುವ ದನಿಯಾಗಿತ್ತು. ಇಬ್ಬರೂ ಹೇಳಿದ ಹಾಗೆ ಮಾಡಿದರು. ಕಾರು ಮುಗ್ಗರಿಸಿತು, ಗುರುಗುಟ್ಟಿತು, ಎರಡನೇ ಗೇರಿಗೆ ಬಿದ್ದು ಸೊಂಟ ಹಿಡಿದವರ ಹಾಗೆ ನಿಧಾನವಾಯಿತು. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು. ಅದರಾಚೆ ರಸ್ತೆ ಅಗಲವಾಗಿತ್ತು, ಜಲಪಾತದ ಎದುರಿಗೆ ಒಂದು ಟೀ ಅಂಗಡಿ. ಅಲ್ಲಿ ಕಲ್ಲಿನ ಕಟ್ಟೆಗೆ ಮೆಲ್ಲಗೆ ತಾಗಿ ನಿಂತಿತು.

ರಂಬೊಡ

ಚಕ್ರಗಳಿಂದ ಹೊಗೆ ಬರುತ್ತಿತ್ತು. ಅಂಗಡಿಯವರು ಬಂದು ನೋಡಿ ಏನೂ ಆಶ್ಚರ್ಯಪಡಲಿಲ್ಲ. ಆರಲಿ, ಕೂತುಕೊಳ್ಳಿ ಎಂದು ಬೆಂಚು ತೋರಿಸಿ ಟೀ ತಂದುಕೊಟ್ಟರು. ಎದುರಿಗೆ ಜಲಪಾತ ಇಡೀ ಬೆಟ್ಟದಿಂದ ಬೀಳುತ್ತಿತ್ತು. ಅಷ್ಟು ನೀರು ನೋಡಿದರೂ ನನಗೆ ಆಗ ಹೊಟ್ಟೆಕಿಚ್ಚಾಗಲಿಲ್ಲ.

ಇವರು ಎದ್ದು ಹೋಗಿ ಬಂದ ದಾರಿಯನ್ನು ಕತ್ತೆತ್ತಿ ನೋಡಿದರು. ತಿರುವುಗಳನ್ನೆಲ್ಲ ಕಣ್ಣಲ್ಲೇ ಅಳೆದರು. "ಎಷ್ಟು ದೂರ ಬಂದ್ವಿ ನೋಡು. ಅಪ್ಪ ಇದ್ದಿದ್ರೆ..." ಎಂದು ನಿಲ್ಲಿಸಿ, "ಇನ್ನೂ ಹೋಗ್ತಿತ್ತು" ಎಂದರು.

ಇದೇ ಸಮಯ ಎನಿಸಿತು. ಕೊಡಲಿ ಎತ್ತಿದೆ. "ಗಿರಿಜ, ನೀನು ಆ ನೀಲಿ ಪಟ್ಟಿ..." ಎನ್ನುವಷ್ಟರಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. ಟೀ ಲೋಟವನ್ನು ಕುಡಿಯದೆ ಬೆಂಚಿನ ಮೇಲಿಟ್ಟಿದ್ದಳು.

"ನೀವು ಮಾತಾಡ್ತೀರ ಅಂತ ಕಾಯ್ತಿದ್ದೆ ಅತ್ತಿಗೆ" ಎಂದಳು. "ಬ್ರೇಕ್ ಮೆತ್ತಗಾಗಿದ್ದು ಮೂರು ತಿರುವು ಹಿಂದೇನೇ ಗೊತ್ತಾಯ್ತು. ಬಾಯಿ ಬರ್ಲಿಲ್ಲ. ಅತ್ತಿಗೆ ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಅಂತಾನೇ ಕಾಯ್ತಿದ್ದೆ. ನೀವ್ಯಾಕೆ ಅಷ್ಟು ಹೊತ್ತು ಸುಮ್ನಿದ್ರಿ?"

ನಾನು ಸುಮ್ಮನಿದ್ದುದಕ್ಕೆ ಆ ಮನೆಯವರು ಬೇಸರಪಟ್ಟದ್ದು ಅದೇ ಮೊದಲು.

"ಅವತ್ತು ವ್ಯಾನಲ್ಲಿ ನೀವು ಡೀಸೆಲ್ ಮುಗೀತಾ ಅಂದ್ರಲ್ಲ" ಎಂದಳು. "ಅಪ್ಪ ಕಿಟಕಿ ಕಡೆ ತಿರುಕ್ಕೊಂಡು ನಕ್ಕುಬಿಟ್ಟ ಅತ್ತಿಗೆ. ನಾನು ನೋಡ್ದೆ. ಭುಜ ಕುಲುಕಿಸ್ಕೊಂಡು ನಗ್ತಿದ್ದ. ನಾವಿಬ್ರು ಅಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ವಿ, ಒಂದು ದಿನಾನೂ ನಮ್ಮ ಕಡೆ ತಿರುಗಿ ನೋಡಿರ್ಲಿಲ್ಲ. ನೀವು ಬಂದು ಒಂದು ಮಾತಾಡಿದ್ರಿ, ನಕ್ಕ. ನಂಗೆಷ್ಟು ಹೊಟ್ಟೆ ಉರೀತು ಗೊತ್ತಾ? ಅದಕ್ಕೇ ಹಂಗಂದಿದ್ದು."

ಮುಖ ತಿರುಗಿಸಿದ್ದು ಸಿಟ್ಟಿಗೆ ಎಂದು ಅಲ್ಲಿಯವರೆಗೂ ತಿಳಿದಿದ್ದೆ. ಮಾವನವರ ಎದುರಿಗೆ ಅವರು ಇರುವಷ್ಟು ದಿನ ಅದೇ ಅಳುಕಿನಿಂದ ಓಡಾಡಿದೆ. ನನಗೆ ಅಳು ಬಂತು. ಅಳುವಿನ ಜೊತೆಗೇ, ಇಷ್ಟು ವರ್ಷ ನನ್ನನ್ನು ನೋಡಿಯೂ ಒಬ್ಬರು ಹೊಟ್ಟೆ ಉರಿದುಕೊಂಡಿದ್ದಾರೆ ಎನ್ನುವ ನಾಚಿಕೆಗೆಟ್ಟ ಖುಷಿಯೂ ಬಂತು. ಪಟ್ಟಿಯ ಮಾತನ್ನು ಟೀ ಜೊತೆಗೆ ನುಂಗಿದೆ.

ಬ್ರೇಕು ಆರಿದ ಮೇಲೆ ಇವರು ಕೀಗೆ ಕೈಚಾಚಿದರು. "ಕೊಡಮ್ಮ, ನಾನು ಓಡಿಸ್ತೀನಿ."

"ಬೇಡಣ್ಣ. ನೀನು ನ್ಯೂಟ್ರಲ್ ಹಾಕ್ತೀಯ" ಎಂದಳು ಗಿರಿಜ. ಕೀಯನ್ನು ನನ್ನ ಕೈಗಿಟ್ಟಳು. ಇವರು ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂರಲು ಹೋದರು, ಇಲ್ಲದ ಬ್ರೇಕು ಒತ್ತಲು. ಅವಳು ಅದಕ್ಕೂ ಬಿಡಲಿಲ್ಲ. "ಮುಂದೆ ನಾನು ಕೂರ್ತೀನಿ. ನೀನು ಹಿಂದೆ ಹೋಗು."

ಸೂಟ್‌ಕೇಸಿನ ಪಕ್ಕದಲ್ಲಿ ಮೊಣಕಾಲು ಮಡಿಸಿಕೊಂಡು ಇವರು ಕೂತರು. ನಾನು ಕ್ಯಾಲೆಂಡರ್ ಚಿತ್ರವನ್ನು ನೆಟ್ಟಗೆ ಮಾಡಿ, ಎರಡನೇ ಗೇರಿನಲ್ಲಿ ಇಳಿಸತೊಡಗಿದೆ. ನೀಲಿ ಪಟ್ಟಿ ಕೊನೆಯವರೆಗೆ ತುಂಬಿಕೊಂಡಿತು.

ಹಿಂದಿನಿಂದ ಮಾತು ಶುರುವಾಯಿತು. "ಎರಡರಲ್ಲಿ ಇಳಿಸ್ತಾರಾ ಯಾರಾದ್ರೂ? ಇಂಜಿನ್ ಎಷ್ಟು ಬಡ್ಕೊಳ್ತಿದೆ ಕೇಳು. ಇದು ಅಪ್ಪನ ರಸ್ತೆ ಕಣ್ರಮ್ಮ, ಸ್ವಲ್ಪ ಬಿಡ್ರಮ್ಮ. ಪೆಟ್ರೋಲ್ ನೀರು ಕುಡಿದಂಗೆ ಕುಡೀತಿದೆ." ಆ ದನಿಯನ್ನು ನಾನು ಕೂಡಲೇ ಗುರುತು ಹಿಡಿದೆ. ಹಿಂದಿನ ಸೀಟಿನಲ್ಲಿ ಕೂತವರ ಹೊಟ್ಟೆಕಿಚ್ಚಿನ ದನಿ ಅದು. ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಗಿರಿಜ ಒಮ್ಮೆ ಆ ಪಟ್ಟಿಯ ಕಡೆ ಬಾಗಿ ನೋಡಿದಳು. ಒಂದು ತಿರುವಿನಲ್ಲಿ ನೋಡಿದಳು, ಇನ್ನೊಂದು ತಿರುವಿನಲ್ಲಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಅವಳು ತುಟಿ ಬಿಗಿಹಿಡಿದು ನೆಟ್ಟಗೆ ಕೂತಳು, ಅಪ್ಪನ ವ್ಯಾನಿನಲ್ಲಿ ಕೂತ ಹಾಗೆ. ನಾನೂ ಕೂತೆ.

ಹಿಂದೆ ಇವರು ಮಾತಾಡುತ್ತಲೇ ಇದ್ದರು. ನಾವಿಬ್ಬರೂ ಬೆಟ್ಟದ ಬುಡ ಸೇರುವವರೆಗೂ ತುಟಿ ಬಿಚ್ಚಲಿಲ್ಲ. ಗಾಡಿ 'ಭಾರ' ಆಗಬಾರದಲ್ಲ.